ಓಬಳೇಶ್ ಕುರಿತು ನಾನು ಬರೆದ ವರದಿ

೨೦೦೬ರ ಜೂನ್ ತಿಂಗಳು. ಚಿತ್ರದುರ್ಗದ ಒಂದು ಪದವಿ ಕಾಲೇಜಿನಲ್ಲಿ ನಾನು ಕನ್ನಡ ಅಧ್ಯಾಪಕಿಯಾಗಿದ್ದೆ. ಆಗ ನನಗೆ ನಲವತ್ತಾರು ವರ್ಷ, ಸೇವೆಗೆ ಸೇರಿ ಇಪ್ಪತ್ತು ವರ್ಷವಾಗಿತ್ತು. ತರಗತಿಗಳ ಜೊತೆಗೆ ನನ್ನ ಮೇಲೆ ಇನ್ನೊಂದು ಜವಾಬ್ದಾರಿ ಇತ್ತು. ನಮ್ಮ ಸೀಮೆಯ ಜನಪದ ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ಸೇರಿಸುವ ಒಂದು ಸಣ್ಣ ಯೋಜನೆಯನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಕರೆಂಟ್ ಹೋದರೆ ಹತ್ತು ನಿಮಿಷ ತಡೆಯುವ ಒಂದು ಯುಪಿಎಸ್. ಇಷ್ಟೇ ನಮ್ಮ ಆಸ್ತಿ.

ಕನ್ನಡ ಮೇಡಂ ಪ್ರೋಗ್ರಾಂ ಬರೆಯುತ್ತಾರೆ ಎಂಬುದು ಆ ಕಾಲದಲ್ಲಿ ಕಾಲೇಜಿನವರಿಗೆ ಸ್ವಲ್ಪ ತಮಾಷೆಯ ವಿಷಯವಾಗಿತ್ತು. ಗಣಿತ ವಿಭಾಗದ ಸಹೋದ್ಯೋಗಿಯೊಬ್ಬರ ಜೊತೆ ಎರಡು ವರ್ಷ ಊಟದ ಬಿಡುವಿನಲ್ಲಿ ಕುಳಿತು ಕಲಿತಿದ್ದೆ. ಆ ವಿದ್ಯೆಯ ಬಗ್ಗೆ ನನಗೆ ಹೆಮ್ಮೆ ಇತ್ತು ಎಂದು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ. ಏಕೆಂದರೆ ಆ ಹೆಮ್ಮೆಯಿಂದಲೇ ಒಬ್ಬ ಮನುಷ್ಯನ ಬದುಕು ಹಾಳಾಗುವುದರಲ್ಲಿತ್ತು.

ನಾನು ಬರೆದಿದ್ದ ಪ್ರೋಗ್ರಾಮಿನ ಕೆಲಸ ಇಷ್ಟು. ಎರಡು ಪಠ್ಯಗಳನ್ನು ಕೊಟ್ಟರೆ ಅದು ಪ್ರತಿಯೊಂದನ್ನೂ ಸತತ ನಾಲ್ಕು ಪದಗಳ ತುಣುಕುಗಳಾಗಿ ಕತ್ತರಿಸಿ, ಒಂದರಲ್ಲಿರುವ ತುಣುಕುಗಳಲ್ಲಿ ಎಷ್ಟು ಇನ್ನೊಂದರಲ್ಲೂ ಇವೆ ಎಂದು ಲೆಕ್ಕ ಹಾಕಿ, ಕೊನೆಗೆ ಶೇಕಡಾವಾರು ಒಂದು ಸಂಖ್ಯೆ ಕೊಡುತ್ತಿತ್ತು. ಹಾಡುಗಾರರು ಯಾವ ಸಾಲುಗಳನ್ನು ಮತ್ತೆ ಮತ್ತೆ ಬಳಸುತ್ತಾರೆ ಎಂದು ತಿಳಿಯುವುದಕ್ಕಾಗಿ ಬರೆದದ್ದು ಅದು. ಕಳ್ಳತನ ಹಿಡಿಯುವುದಕ್ಕಲ್ಲ.

ಆದರೆ ಜೂನ್ ಮೂರನೇ ವಾರದಲ್ಲಿ ವಿಶ್ವವಿದ್ಯಾಲಯದಿಂದ ಒಂದು ಪತ್ರ, ಅದರ ಜೊತೆಗೆ ಎರಡು ಪುಸ್ತಕ ಬಂದವು. ಒಂದು, ಹೊಳಲ್ಕೆರೆಯ ಪಿಯು ಕಾಲೇಜೊಂದರಲ್ಲಿ ಉಪನ್ಯಾಸಕರಾಗಿದ್ದ ಓಬಳೇಶ್ ಅವರ ಪಿಎಚ್‌ಡಿ ಪ್ರಬಂಧ. ಹಿರಿಯೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯ ಈರಜ್ಜಿ ಎಂಬ ಹಾಡುಗಾರ್ತಿಯಿಂದ ಅವರು ಬರೆದುಕೊಂಡ, ಕುರಿಗಾರ ಚಿಕ್ಕಣ್ಣನ ಕಥೆ ಹೇಳುವ ಎರಡು ಸಾವಿರದ ಎಂಟುನೂರು ಸಾಲಿನ ಹಾಡೇ ಅದರ ಜೀವಾಳ. ಇನ್ನೊಂದು, ಮೂವತ್ತು ವರ್ಷ ಹಿಂದೆ ಒಬ್ಬ ಶಾಲಾ ಮಾಸ್ತರರು ಅಚ್ಚು ಹಾಕಿಸಿದ್ದ ಹಳೆಯ ಸಂಕಲನ. ಅದರಲ್ಲೂ ಅದೇ ಚಿಕ್ಕಣ್ಣನ ಹಾಡು. ‘ಹಿರಿಯೂರು ಸೀಮೆಯಲ್ಲಿ ಸಂಗ್ರಹಿಸಿದ್ದು’ ಎಂಬುದನ್ನು ಬಿಟ್ಟರೆ ಯಾರು ಹಾಡಿದರು ಎಂಬ ವಿವರ ಅದರಲ್ಲಿರಲಿಲ್ಲ. ಪ್ರಬಂಧದ ಹಾಡು ಕ್ಷೇತ್ರಕಾರ್ಯದಿಂದ ಬಂದದ್ದಲ್ಲ, ಹಳೆಯ ಪುಸ್ತಕದ ನಕಲು ಎಂದು ಮೌಲ್ಯಮಾಪಕರೊಬ್ಬರು ಸಂಶಯಪಟ್ಟಿದ್ದರು. ನಿಮ್ಮ ಗಣಕ ವಿಧಾನದಿಂದ ಪರಿಶೀಲಿಸಿ ಅಭಿಪ್ರಾಯ ತಿಳಿಸಿ ಎಂದು ಪತ್ರದಲ್ಲಿತ್ತು.

ಎರಡೂ ಹಾಡುಗಳನ್ನು ಟೈಪ್ ಮಾಡಿಸಲು ಐದು ದಿನ ಹಿಡಿಯಿತು. ಆರನೆಯ ದಿನ ಪ್ರೋಗ್ರಾಂ ಓಡಿಸಿದೆ. ಪರದೆಯ ಮೇಲೆ ಬಂದ ಸಂಖ್ಯೆ ಎಂಬತ್ತನಾಲ್ಕು.

ಇನ್ನೂ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಹಾಡಿನ ನಡುವೆ ಚಿಕ್ಕಣ್ಣ ಕುರಿಮಂದೆಯೊಂದಿಗೆ ವೇದಾವತಿ ನದಿಯ ದಂಡೆಗೆ ಬಂದು ನಿಲ್ಲುತ್ತಾನೆ, ಹೊಳೆ ತುಂಬಿ ಹರಿಯುತ್ತಿರುತ್ತದೆ. ಮುಂದಿನ ಸಾಲಿನಲ್ಲೇ ಕುರಿಗಳು ಆಚೆ ದಡದಲ್ಲಿ ಮೈ ಒಣಗಿಸಿಕೊಳ್ಳುತ್ತಿರುತ್ತವೆ. ಹೊಳೆ ದಾಟಿದ್ದು ಹೇಗೆ ಎಂಬ ಭಾಗವೇ ಇಲ್ಲ. ಹಳೆಯ ಪುಸ್ತಕದಲ್ಲೂ ಇಲ್ಲ, ಓಬಳೇಶರ ಪ್ರಬಂಧದಲ್ಲೂ ಇಲ್ಲ. ಎರಡು ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಲೋಪ ಕಂಡರೆ ಒಂದು ಇನ್ನೊಂದರ ನಕಲು ಎಂದು ತಿಳಿಯಬೇಕೆಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ಅದನ್ನು ನಾನೇ ಹತ್ತು ವರ್ಷ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟಿದ್ದೆ.

ಒಂದು ಪುಟದ ವರದಿ ಬರೆದೆ. ಶೇಕಡಾ ಎಂಬತ್ತನಾಲ್ಕು ಸಾಮ್ಯ, ನದಿಯ ಪ್ರಸಂಗದಲ್ಲಿ ಸಮಾನ ಲೋಪ. ‘ಇದು ಆಕಸ್ಮಿಕವಾಗಿರಲು ಸಾಧ್ಯವಿಲ್ಲ’ ಎಂದು ಮುಗಿಸಿ ಸಹಿ ಹಾಕಿದೆ. ಜೂನ್ ೨೬, ಸೋಮವಾರ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ಕೆಲಸ ಅಚ್ಚುಕಟ್ಟಾಗಿ ಮುಗಿಯಿತು ಎಂದುಕೊಂಡು ಮನೆಗೆ ಹೋದೆ.

ಮುಂದಿನ ಸೋಮವಾರ ಓಬಳೇಶ್ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಅದುವರೆಗೆ ನಾನು ಅವರನ್ನು ನೋಡಿರಲಿಲ್ಲ. ಮೂವತ್ತೈದರ ಆಸುಪಾಸಿನ, ತೆಳ್ಳಗಿನ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಬಟ್ಟೆಯ ಚೀಲ. ನನ್ನ ವರದಿಯ ಪ್ರತಿಯನ್ನು ವಿಶ್ವವಿದ್ಯಾಲಯದವರು ಅವರಿಗೂ ಕಳಿಸಿದ್ದರು. ಜುಲೈ ೧೨, ಬುಧವಾರ ವಿಚಾರಣಾ ಸಮಿತಿ ಸೇರುವುದಿತ್ತು. ಕೃತಿಚೌರ್ಯ ಸಾಬೀತಾದರೆ ನೋಂದಣಿ ರದ್ದು. ಅವರ ಕಾಲೇಜಿನಲ್ಲಿ ಅದೇ ವರ್ಷ ಕೆಲಸ ಕಾಯಂ ಆಗುವುದರಲ್ಲಿತ್ತು. ಈ ಕಳಂಕ ಅಂಟಿದರೆ ಅದೂ ಹೋಗುತ್ತಿತ್ತು.

“ಕುಂತ್ಕಳ್ಳಿ” ಎಂದೆ. ಕೂರಲಿಲ್ಲ.

“ಮೇಡಂ, ನಾನು ಆ ಹಟ್ಟಿಗೆ ಎರಡು ವರ್ಷ ಓಡಾಡಿದೀನಿ. ಒಂದೊಂದು ಸಾಲೂ ಅಜ್ಜಿ ಬಾಯಿಂದ ಕೇಳೇ ಬರೆದಿದ್ದು.”

“ಕ್ಯಾಸೆಟ್ ಇದೆಯಾ?”

ಅವರು ತಲೆ ತಗ್ಗಿಸಿದರು. “ಇದ್ದಿದ್ದು ಆರೇ ಕ್ಯಾಸೆಟ್ಟು. ತುಂಬಿಸ್ಕೊಂಡು ಬಂದು, ಬರ್ಕಂಡು, ಅದರ ಮ್ಯಾಲೇ ಮತ್ತೆ ರೆಕಾರ್ಡ್ ಮಾಡ್ತಿದ್ದೆ. ಹಿಂಗಾಗತ್ತೆ ಅಂತ ಯಾರಿಗೆ ಗೊತ್ತಿತ್ತು?”

“ಹೋಗಲಿ, ಹೊಳೆ ದಾಟುವ ಭಾಗ ನಿಮ್ಮಲ್ಲೂ ಯಾಕಿಲ್ಲ? ಅದಕ್ಕೆ ಉತ್ತರ ಕೊಡಿ ಸಾಕು.”

ಅವರು ನನ್ನ ಮುಖವನ್ನೇ ನೇರವಾಗಿ ನೋಡಿದರು. ಉತ್ತರ ಗೊತ್ತಿಲ್ಲದವರು ನಿಲ್ಲುವ ರೀತಿಯೇ ಬೇರೆ, ಇಪ್ಪತ್ತು ವರ್ಷ ಮೌಖಿಕ ಪರೀಕ್ಷೆ ಮಾಡಿದವಳಿಗೆ ಅದು ತಿಳಿಯುತ್ತದೆ. ಅವರು ಹಾಗೆ ನಿಂತಿರಲಿಲ್ಲ.

“ಅದನ್ನ ನಾನು ಹೇಳಕ್ಕೆ ಬರಲ್ಲ ಮೇಡಂ” ಎಂದು, ಚೀಲದಿಂದ ಮೂರು ನೋಟ್‌ಬುಕ್ ತೆಗೆದು ನನ್ನ ಮೇಜಿನ ಮೇಲಿಟ್ಟು, “ಇವನ್ನ ಒಂದ್ಸಲ ನೋಡ್ರಿ. ಆಮೇಲೆ ನಿಮಗೆ ಹೆಂಗೆ ತಿಳಿಯುತ್ತೋ ಹಂಗೆ” ಎಂದು ಹೊರಟೇ ಹೋದರು.

ನೋಟ್‌ಬುಕ್ಕುಗಳನ್ನು ನಾನು ಮೂರು ದಿನ ಮುಟ್ಟಲಿಲ್ಲ. ಮುಟ್ಟದೆ ಇದ್ದದ್ದು ಕೆಲಸದ ಒತ್ತಡದಿಂದಲ್ಲ, ಭಯದಿಂದ. ಸಹಿ ಮಾಡಿ ಕಳಿಸಿದ ಮೇಲೆ ಮತ್ತೆ ನೋಡುವುದು ಎಷ್ಟು ಕಷ್ಟ ಎಂದು ಆ ವಾರ ತಿಳಿಯಿತು. ಪಾಠ ಮಾಡುತ್ತಿರುವಾಗಲೂ ಆ ಬಿಳಿ ಶರ್ಟು ಕಣ್ಣೆದುರು ಬರುತ್ತಿತ್ತು. ಗುರುವಾರ ಮಧ್ಯಾಹ್ನ ಕೊನೆಗೂ ಮೊದಲನೆಯದನ್ನು ತೆರೆದೆ.

ಅವಸರದ ಪೆನ್ಸಿಲ್ ಬರಹ. ಅಲ್ಲಲ್ಲಿ ಹೊಡೆದು ಹಾಕಿ ತಿದ್ದಿದ ಸಾಲುಗಳು. ‘ಇಲ್ಲಿ ಅಜ್ಜಿ ಕೆಮ್ಮಿದರು’, ‘ಮರಿಗೆ ಹಾಲು ಕುಡಿಸಲು ಎದ್ದು ಹೋದರು, ನಾಳೆ ಇಲ್ಲಿಂದ’ ಎಂಬಂಥ ಟಿಪ್ಪಣಿಗಳು. ಓದುತ್ತಾ ಹೋದಂತೆ ನನ್ನ ಕಿವಿಗೆ ಒಂದು ವಿಷಯ ತಟ್ಟಿತು. ಈ ಸಾಲುಗಳಲ್ಲೆಲ್ಲ ‘ಐತೆ’, ‘ಅವ್ನೆ’, ‘ಬಂದವ್ರೆ’ ಎಂದಿತ್ತು. ಪ್ರಬಂಧ ತೆಗೆದು ನೋಡಿದೆ, ಅಲ್ಲಿಯೂ ಹಾಗೇ ಇತ್ತು. ಹಳೆಯ ಪುಸ್ತಕದಲ್ಲಿ ಮಾತ್ರ ಮಾಸ್ತರರು ‘ಇದೆ’, ‘ಇದ್ದಾನೆ’, ‘ಬಂದಿದ್ದಾರೆ’ ಎಂದು ಪಠ್ಯಪುಸ್ತಕದ ಭಾಷೆಗೆ ತಿದ್ದಿದ್ದರು. ಹಾಗಿದ್ದರೆ ‘ಐತೆ’ ಇರುವ ತುಣುಕನ್ನೂ ‘ಇದೆ’ ಇರುವ ತುಣುಕನ್ನೂ ನನ್ನ ಪ್ರೋಗ್ರಾಂ ಒಂದೇ ಎಂದು ಎಣಿಸಿದ್ದು ಹೇಗೆ?

ಪ್ರೋಗ್ರಾಂ ತೆರೆದು ನೋಡಿದಾಗ ಉತ್ತರ ಸಿಕ್ಕಿತು. ಹಿಂದಿನ ವರ್ಷ, ಹುಡುಕಾಟಕ್ಕೆ ಅನುಕೂಲವಾಗಲಿ ಎಂದು, ಆಡುಮಾತಿನ ರೂಪಗಳನ್ನೆಲ್ಲ ಗ್ರಂಥಸ್ಥ ರೂಪಕ್ಕೆ ಬದಲಿಸುವ ಮುನ್ನೂರಕ್ಕೂ ಹೆಚ್ಚು ನಿಯಮಗಳನ್ನು ನಾನೇ ಬರೆದು ಸೇರಿಸಿದ್ದೆ. ಇದಕ್ಕೆ ನಾರ್ಮಲೈಸೇಷನ್ ಎನ್ನುತ್ತಾರೆ. ಬೇರೆ ಬೇರೆಯಾಗಿ ಬರೆದದ್ದನ್ನು ಒಂದೇ ಅಚ್ಚಿಗೆ ಇಳಿಸುವುದು. ‘ಐತೆ’ ಎಂದು ಹುಡುಕಿದರೂ ‘ಇದೆ’ ಎಂದು ಹುಡುಕಿದರೂ ಎಲ್ಲ ಸಾಲು ಸಿಗಲಿ ಎಂಬುದು ಅದರ ಉದ್ದೇಶ. ಹೋಲಿಕೆ ಮಾಡುವಾಗ ಅದನ್ನು ನಿಲ್ಲಿಸಿಡಬೇಕಿತ್ತು. ನಾನು ಮರೆತಿದ್ದೆ. ಎರಡು ಹಾಡುಗಳ ನಡುವಿನ ವ್ಯತ್ಯಾಸಗಳನ್ನು ನನ್ನ ಕೈಯಾರೆ ಅಳಿಸಿ, ಆಮೇಲೆ ವ್ಯತ್ಯಾಸವೇ ಇಲ್ಲ ಎಂದು ವರದಿ ಬರೆದಿದ್ದೆ.

ನಿಯಮಗಳನ್ನು ತೆಗೆದು ಮತ್ತೆ ಓಡಿಸಿದೆ. ಅರ್ಧಕ್ಕೆ ಕರೆಂಟ್ ಹೋಯಿತು, ಯುಪಿಎಸ್ ಕೂಗತೊಡಗಿತು. ಕಂಪ್ಯೂಟರ್ ಆರುವ ಮೊದಲೇ ಸಂಖ್ಯೆ ಬಂತು. ನಲವತ್ತೊಂಬತ್ತು. ಈ ಸಲ ಇನ್ನೊಂದು ಕೆಲಸ ಮಾಡಿದೆ, ಮೊದಲೇ ಮಾಡಬೇಕಾಗಿದ್ದ ಕೆಲಸ. ನಮ್ಮ ಸಂಗ್ರಹದಲ್ಲಿ ಹೊಸದುರ್ಗ ಕಡೆಯ ಅಕ್ಕತಂಗಿಯರಿಬ್ಬರು ತಾಯಿಯಿಂದ ಕಲಿತು ಬೇರೆ ಬೇರೆ ಊರುಗಳಲ್ಲಿ ಹಾಡಿದ ಒಂದೇ ಹಾಡಿನ ಎರಡು ಧ್ವನಿಮುದ್ರಣಗಳಿದ್ದವು. ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿದ್ದಲ್ಲ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ಕರೆಂಟ್ ಬಂದ ಮೇಲೆ ಅವನ್ನು ಹೋಲಿಸಿ ನೋಡಿದೆ. ಅಲ್ಲಿಯೂ ನಲವತ್ತಾರು ಬಂತು. ಅಂದರೆ ಒಬ್ಬರಿಂದ ಕಲಿತವರ ಹಾಡುಗಳಲ್ಲಿ ಇಷ್ಟು ಹೋಲಿಕೆ ಸಹಜ.

ಕೂಡಲೇ ಸಮಿತಿಯ ಸಂಚಾಲಕರಿಗೆ ಫೋನ್ ಮಾಡಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

“ಸರಿ ಮೇಡಂ, ಸಂಖ್ಯೆ ತಪ್ಪಾಯಿತು ಅಂತ ಬರೆದು ಕೊಡಿ. ಆದರೆ ಆ ಬಿಟ್ಟುಹೋದ ಭಾಗ? ಅದೇ ಮುಖ್ಯ ಸಾಕ್ಷ್ಯ ಅಂತ ನೀವೇ ಬರೆದಿದ್ದೀರಲ್ಲ. ಅದನ್ನು ಯಾವ ನಿಯಮ ಅಳಿಸಿತು?”

ಹಾಡಿದವರನ್ನೇ ಕೇಳಿ ಬರುತ್ತೇನೆ ಎಂದು ಫೋನ್ ಇಟ್ಟೆ.

ಭಾನುವಾರ, ಜುಲೈ ೯ರಂದು ಬೆಳಿಗ್ಗೆ ಹಿರಿಯೂರಿನ ಬಸ್ ಹತ್ತಿದೆ. ಓಬಳೇಶ್ ಅವರಿಗೆ ತಿಳಿಸಲಿಲ್ಲ. ಅವರು ಜೊತೆಗೆ ಬಂದರೆ ಹೇಳಿಕೊಟ್ಟು ಹಾಡಿಸಿದರು ಎಂಬ ಮಾತು ಬರುತ್ತದೆ. ದಾರಿಯುದ್ದಕ್ಕೂ ಒಂದೇ ಚಿಂತೆ. ಅಜ್ಜಿ ಬದುಕಿದ್ದಾರೋ ಇಲ್ಲವೋ? ಇದ್ದರೂ ಗುರುತಿಲ್ಲದವಳ ಮುಂದೆ ಹಾಡುತ್ತಾರೋ? ಹಾಡಿದಾಗ ಹೊಳೆ ದಾಟುವ ಸಾಲುಗಳು ಸಲೀಸಾಗಿ ಬಂದುಬಿಟ್ಟರೆ? ಆಗ ಓಬಳೇಶ್ ನಕಲು ಮಾಡಿದ್ದೇ ನಿಜ ಎಂದಾಗುತ್ತದೆ. ಅವರನ್ನು ಉಳಿಸಲು ಹೊರಟ ನಾನೇ ಕೊನೆಯ ಸಾಕ್ಷಿಯನ್ನೂ ಹೊತ್ತು ತಂದಂತಾಗುತ್ತದೆ.

ಹಿರಿಯೂರಿನಲ್ಲಿ ಬಸ್ ಬದಲಿಸಿ, ಧರ್ಮಪುರದ ರಸ್ತೆಯಲ್ಲಿ ಇಳಿದು, ಆಷಾಢದ ಗಾಳಿಯಲ್ಲಿ ಎರಡು ಕಿಲೋಮೀಟರ್ ನಡೆದೆ. ಹಟ್ಟಿಯ ಸುತ್ತ ಮುಳ್ಳುಬೇಲಿ. ಬಾಗಿಲ ಬಳಿ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳನ್ನು ನೋಡಿ ನಾನೂ ಬಿಟ್ಟೆ. ಈರಜ್ಜಿಯ ಸೊಸೆ ರಂಗಮ್ಮ ಎದುರಿಗೆ ಬಂದರು.

“ಬರ್ರಿ, ಕುಂತ್ಕಳ್ರಿ. ಅತ್ತೆ ರೊಪ್ಪದ ತಾವ ಮರಿ ಬಿಡ್ತಾ ಅವ್ಳೆ, ಕರೀತೀನಿ.”

ಈರಜ್ಜಿ ಕುರಿದೊಡ್ಡಿಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಎಪ್ಪತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ನಾನು ಚಿತ್ರದುರ್ಗದ ಕಾಲೇಜಿನವಳು, ಚಿಕ್ಕಣ್ಣನ ಹಾಡು ಕೇಳಲು ಬಂದೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಓಬಳೇಶಪ್ಪ ಕಳಿಸಿದ್ನಾ?”

“ಇಲ್ಲಜ್ಜಿ. ಅವರಿಗೆ ನಾನು ಬಂದಿದ್ದು ಗೊತ್ತಿಲ್ಲ.”

“ಹಂಗಾದ್ರೆ ಕೇಳು. ಅವ್ನು ಮಜ್ಜಿಗೆ ಕುಡ್ದೇ ಕುಂತ್ಕತಿದ್ದ, ನೀನೂ ಕುಡಿ.”

ರೆಕಾರ್ಡರ್ ಇಟ್ಟುಕೊಳ್ಳಲು ಒಪ್ಪಿದರು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹಾಡು ಶುರುವಾಯಿತು. ನನ್ನ ಮಡಿಲಲ್ಲಿ ಪ್ರಬಂಧದ ಪ್ರತಿ. ಹಾಡು ಅದರ ಸಾಲುಗಳ ಹತ್ತಿರ ಹತ್ತಿರವೇ ಸಾಗುತ್ತಿತ್ತು. ಕೆಲವು ಕಡೆ ಎರಡು ಸಾಲು ಹೆಚ್ಚು, ಕೆಲವು ಕಡೆ ಮಾತು ಹಿಂದುಮುಂದು. ಅಷ್ಟರ ಮಟ್ಟಿಗೆ ಸಮಾಧಾನವಾಯಿತು. ನಡುವೆ ಎರಡು ಸಲ ಎದ್ದು ಹೋಗಿ ಮರಿಗಳನ್ನು ನೋಡಿ ಬಂದರು. ಮೂರು ಗಂಟೆ ದಾಟಿದ ಮೇಲೆ ಚಿಕ್ಕಣ್ಣ ಹೊಳೆದಂಡೆಗೆ ಬಂದು ನಿಂತ. ನಾನು ಪ್ರಬಂಧದ ಆ ಸಾಲಿನ ಮೇಲೆ ಬೆರಳಿಟ್ಟೆ.

ಈರಜ್ಜಿ ಹಾಡು ನಿಲ್ಲಿಸಿದರು. ಬಲಗೈಯಿಂದ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡರು. ರಂಗಮ್ಮ ಕೂಡ ಹಾಗೇ ಮಾಡಿದರು. ಎರಡು ಉಸಿರು ಬಿಟ್ಟು, ಆಚೆ ದಡದಲ್ಲಿ ಮೈ ಒಣಗಿಸಿಕೊಳ್ಳುವ ಕುರಿಗಳಿಂದ ಹಾಡು ಮುಂದುವರಿಯಿತು.

ಹಾಡು ಮುಗಿಯುವವರೆಗೂ ಕಾದೆ. ಆಮೇಲೆ ಕೇಳಿದೆ, “ಅಜ್ಜಿ, ಹೊಳೆ ದಾಟೋದನ್ನ ಯಾಕೆ ಹಾಡಲಿಲ್ಲ?”

“ಅದು ಇಲ್ಲಿ ಹಾಡಾದಲ್ಲ ಕಣವ್ವ. ಗುಡಿ ಮುಂದೆ, ದೀಪ ಹಚ್ಚಿದ ಮ್ಯಾಲೆ ಹಾಡಾದು. ಅಲ್ಲಿ ದ್ಯಾವ್ರು ಬರ್ತಾನೆ. ಹಾದೀಲಿ ಬೀದೀಲಿ ಹಾಡಿದ್ರೆ ಮಂದೆಗೆ ಒಳ್ಳೇದಲ್ಲ.”

“ಓಬಳೇಶ್ ಅದನ್ನ ಕೇಳಿದಾರಾ?”

“ಗುಡಿ ಮುಂದೆ ಕುಂತು ಕೇಳವ್ನೆ. ಬರೀಬ್ಯಾಡ ಅಂದೆ, ಪುಸ್ತಕ ಮುಚ್ಚಿಟ್ಟ. ಐತೆ ಅಂತಾನೂ ಯಾರಿಗೂ ಹೇಳಬ್ಯಾಡ ಅಂದಿದ್ದೆ. ಹೇಳಿದ್ರೆ ಬರ್ಕೊಡು ಅಂತ ಬರ್ತಾರೆ. ಭಾಷೆ ಕೊಟ್ಟವ್ನೆ.”

ನನ್ನ ಕೋಣೆಯಲ್ಲಿ ಅವರು ನಿಂತಿದ್ದ ರೀತಿ ಈಗ ಅರ್ಥವಾಯಿತು. ಕೆಲಸ ಹೋಗುವ ಹೊತ್ತಿನಲ್ಲೂ ಒಂದು ಮಾತು ಹೇಳಿ ಪಾರಾಗಬಹುದಿತ್ತು. ಹೇಳಿರಲಿಲ್ಲ.

ಹಳೆಯ ಪುಸ್ತಕದ ವಿಷಯವನ್ನೂ ಕೇಳಿದೆ. ಈರಜ್ಜಿಗೆ ಚೆನ್ನಾಗಿ ನೆನಪಿತ್ತು. “ನಮ್ಮತ್ತೆ ತಾವ ಒಬ್ರು ಮೇಷ್ಟ್ರು ಬರ್ಕಂಡು ಹೋದ್ರು. ನಾನು ಆವಾಗ ಪಕ್ಕದಾಗೆ ಕುಂತು ದನಿಗೂಡಿಸ್ತಿದ್ದೆ. ಅವ್ರಿಗೂ ಅತ್ತೆ ಇಷ್ಟೇ ಹಾಡಿದ್ದು. ಪುಸ್ತಕ ಆಯ್ತಾ ಅದು?” ಎಂದರು. ತಮ್ಮ ಅತ್ತೆಯ ಹಾಡು ಮೂವತ್ತು ವರ್ಷದಿಂದ ಅಚ್ಚಿನಲ್ಲಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಎರಡು ಪಠ್ಯಗಳೂ ಒಂದೇ ಮನೆಯಿಂದ ಹೊರಟದ್ದು. ಅತ್ತೆ ಸೊಸೆಗೆ ಕಲಿಸಿದ ಹಾಡು.

ಎಲ್ಲ ತಿಳಿಯಿತು, ಆದರೆ ತಿಳಿದದ್ದನ್ನು ನಾನೂ ಹೇಳುವಂತಿರಲಿಲ್ಲ. ಓಬಳೇಶ್ ಕೊಟ್ಟ ಮಾತನ್ನು ಅವರಿಗೆ ಗೊತ್ತಿಲ್ಲದಂತೆ ನಾನು ಮುರಿದಂತಾಗುತ್ತದೆ. ನಾನು ಬರೆದ ಕಾಗದದಿಂದ ಅವರಿಗೆ ಏನು ಬಂದೊದಗಿದೆ ಎಂದು ಈರಜ್ಜಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ತಪ್ಪು ನನ್ನದೆಂದೂ ಹೇಳಿದೆ. ರಂಗಮ್ಮನ ಮುಖ ಬಿಗಿಯಿತು. ಈರಜ್ಜಿ ಎದ್ದು ರೊಪ್ಪದ ಕಡೆ ನಡೆದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಕಾಲು ಗಂಟೆಯ ನಂತರ ಹಿಂದಿರುಗಿದರು.

“ಹಾಡಿದ್ದು ನಾನು, ಸಿಕ್ಕಂಡಿದ್ದು ಅವ್ನು. ಐತೆ ಅಂತ ಹೇಳು. ಏನೈತೆ ಅಂತ ನಿಂಗೂ ಗೊತ್ತಿಲ್ವಲ್ಲ, ಅಲ್ಲಿಗೆ ಸರಿಹೋಯ್ತು.”

ಬುಧವಾರ ಸಮಿತಿಯ ಮುಂದೆ ಕುಳಿತೆವು. ಮೂವರು ಸದಸ್ಯರು, ಓಬಳೇಶ್, ನಾನು. ಹಿಂದಿನ ಸಂಜೆ ಫೋನಿನಲ್ಲಿ ಅವರಿಗೆ ಎಲ್ಲ ತಿಳಿಸಿದ್ದೆ. “ಅಜ್ಜಿ ಒಪ್ಪಿದ್ರಾ?” ಎಂದಷ್ಟೇ ಕೇಳಿ ಇಟ್ಟುಬಿಟ್ಟಿದ್ದರು. ನಾನು ಮೊದಲ ವರದಿಯನ್ನು ಹಿಂತೆಗೆದುಕೊಳ್ಳುವ ಪತ್ರ ಓದಿದೆ.

ಹಿರಿಯ ಸದಸ್ಯರೊಬ್ಬರು ಕನ್ನಡಕ ತೆಗೆದು ಕೇಳಿದರು, “ನಿಮ್ಮ ಯಂತ್ರ ಹದಿನೈದು ದಿನದ ಹಿಂದೆ ಒಂದು ಹೇಳಿತು, ಇವತ್ತು ಇನ್ನೊಂದು ಹೇಳುತ್ತಿದೆ. ನಾವು ಯಾವುದನ್ನು ನಂಬಬೇಕು?”

“ಯಂತ್ರ ಎರಡು ಸಲವೂ ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟಿದೆ, ಸರ್. ಮೊದಲ ಸಲ ನಾನು ಏನು ಕೇಳುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ.”

ಧ್ವನಿಮುದ್ರಣ ಹಾಕಿದೆವು. ಹೊಳೆದಂಡೆ ಬಂತು. ಹಾಡು ನಿಂತಿತು. ಆ ಮೌನದಲ್ಲಿ ಬೇಲಿಗೆ ಬೀಸುವ ಗಾಳಿ ಕೇಳುತ್ತಿತ್ತು. ಮತ್ತೆ ಹಾಡು ಶುರುವಾಯಿತು. ಆಮೇಲೆ ಈರಜ್ಜಿಯ ಮಾತುಗಳು. ಕೊನೆಗೆ ಒಬ್ಬ ಸದಸ್ಯರು, ಹಾಗಿದ್ದರೆ ಆ ಸಾಲುಗಳನ್ನು ಗುಡಿಯ ಮುಂದೆ ಸಂಗ್ರಹಿಸಿ ಅನುಬಂಧದಲ್ಲಿ ಸೇರಿಸಿದರೆ ಪದವಿ ಕೊಡಬಹುದು ಎಂದರು. ಅದು ದಯೆಯಿಂದ ಬಂದ ಸಲಹೆಯೇ.

ಓಬಳೇಶ್ ಎದ್ದು ನಿಂತರು. “ಅದೊಂದಾಗಲ್ಲ ಸರ್. ಪದವಿ ಕೊಡದಿದ್ರೂ ಪರವಾಗಿಲ್ಲ.”

ಇಷ್ಟು ದೂರ ಬಂದು ಇಲ್ಲಿ ಕೈತಪ್ಪಿತೇ ಎಂದುಕೊಂಡೆ. ಸಂಚಾಲಕರು ನಮ್ಮಿಬ್ಬರನ್ನೂ ಹೊರಗೆ ಕಳಿಸಿದರು. ಐವತ್ತು ನಿಮಿಷ ಕಾರಿಡಾರಿನ ಬೆಂಚಿನಲ್ಲಿ ಒಬ್ಬರ ಪಕ್ಕ ಒಬ್ಬರು ಕುಳಿತಿದ್ದೆವು. ಕ್ಷಮೆ ಕೇಳಬೇಕೆಂದು ಎರಡು ಸಲ ಬಾಯಿ ತೆರೆದೆ, ಅವರು ಗೋಡೆಯನ್ನೇ ನೋಡುತ್ತಿದ್ದರು.

ಕೃತಿಚೌರ್ಯದ ಆರೋಪವನ್ನು ಕೈಬಿಡಲಾಯಿತು. ಹಾಡದ ಸಾಲುಗಳಿವೆ ಎಂದು ಒಂದು ಅಡಿಟಿಪ್ಪಣಿ, ಹಳೆಯ ಪುಸ್ತಕದ ಹಾಡುಗಾರ್ತಿಯ ಹೆಸರು, ಎರಡು ಪಠ್ಯಗಳ ಸಂಬಂಧ ವಿವರಿಸುವ ಒಂದು ಅಧ್ಯಾಯ ಸೇರಿಸಬೇಕೆಂದು ತೀರ್ಮಾನವಾಯಿತು. ಪದವಿ ಕೈಗೆ ಬರುವ ಹೊತ್ತಿಗೆ ಎಂಟು ತಿಂಗಳಾಗಿತ್ತು. ಅಷ್ಟರಲ್ಲಿ ಆ ವರ್ಷದ ಕಾಯಮಾತಿಯ ಪಟ್ಟಿ ಮುಗಿದಿತ್ತು, ಓಬಳೇಶ್ ಇನ್ನೊಂದು ವರ್ಷ ತಾತ್ಕಾಲಿಕ ಉಪನ್ಯಾಸಕರಾಗಿಯೇ ದುಡಿದರು. ಹಿಂತೆಗೆದುಕೊಂಡ ವರದಿಯೂ ಕಡತದಿಂದ ಮಾಯವಾಗಲಿಲ್ಲ. ಅವರ ಬೇರೊಂದು ಕೆಲಸದ ಸಂದರ್ಶನದಲ್ಲಿ ಯಾರೋ ಅದನ್ನು ಎತ್ತಿದ್ದರಂತೆ. ಓಬಳೇಶ್ ನನ್ನೊಂದಿಗೆ ಮತ್ತೆ ಮಾತಾಡಿದ್ದು ಮೂರು ವರ್ಷದ ನಂತರ, ಭರಮಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಆಕಸ್ಮಿಕವಾಗಿ ಸಿಕ್ಕಾಗ. ಟೀ ಕುಡಿದೆವು. ಈರಜ್ಜಿಗೆ ಕಣ್ಣಿನ ಆಪರೇಷನ್ ಆದ ಸುದ್ದಿ ಹೇಳಿದರು. ಹಳೆಯ ವಿಷಯ ಇಬ್ಬರೂ ಎತ್ತಲಿಲ್ಲ.

ಪಠ್ಯಗಳನ್ನು ಹೋಲಿಸುವ ಆ ಕೆಲಸವನ್ನು ನಿವೃತ್ತಿಯವರೆಗೂ ನಾನು ಬಿಡಲಿಲ್ಲ. ಕಂಪ್ಯೂಟರನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಆದರೆ ಆ ಎರಡು ಪಠ್ಯಗಳ ಸಂಬಂಧ ಕೊನೆಗೆ ಗೊತ್ತಾದದ್ದರಲ್ಲಿ ಅದರ ಪಾಲೂ ಇತ್ತು. ಎರಡನೆಯ ಸಲ ಸರಿಯಾಗಿ ಕೇಳಿದಾಗ ಅದು ಸರಿಯಾಗಿಯೇ ಹೇಳಿತ್ತು. ನಾನು ಬದಲಿಸಿಕೊಂಡದ್ದು ನನ್ನ ಕ್ರಮವನ್ನು. ಯಾವ ಫಲಿತಾಂಶವನ್ನೂ ಬಂದ ವಾರವೇ ಕಳಿಸುತ್ತಿರಲಿಲ್ಲ. ಯಾರ ಬರಹವನ್ನು ಪರೀಕ್ಷಿಸುತ್ತಿದ್ದೆನೋ ಅವರನ್ನು ಕರೆದು, ಎದುರಿಗೆ ಕೂರಿಸಿ, ಸಂಖ್ಯೆ ಬಂದ ಬಗೆಯನ್ನು ವಿವರಿಸಿ, ಅವರು ಹೇಳುವುದನ್ನು ಕೇಳುತ್ತಿದ್ದೆ. ಮುಂದಿನ ವರ್ಷಗಳಲ್ಲಿ ಅಂಥ ನಾಲ್ಕು ಪ್ರಕರಣ ಬಂದವು. ಮೂರರಲ್ಲಿ ಎದುರಿಗೆ ಕುಳಿತವರ ವಿವರಣೆಯೇ ಸರಿಯಾಗಿತ್ತು. ಒಂದರಲ್ಲಿ ನಕಲು ನಿಜವಾಗಿತ್ತು, ಆ ಹುಡುಗಿ ಅಳುತ್ತಾ ಒಪ್ಪಿಕೊಂಡಳು. ಆ ವರದಿಯನ್ನೂ ಮೂರು ಸಲ ಓದಿದ ಮೇಲೆಯೇ ಸಹಿ ಹಾಕಿದೆ. ಇಂಥ ಕಾಗದಕ್ಕೆ ಸಹಿ ಹಾಕುವ ಕೈ ನಡುಗಬೇಕು ಎಂಬುದೇ ಈ ವೃತ್ತಿಯಿಂದ ನಾನು ಕಲಿತದ್ದು.